ಸೈಮನ್ಸ್, ಜೇಮ್ಸ್ ಹ್ಯಾರಿಸ್
(1938–2024). ಅಮೆರಿಕದ ಗಣಿತಜ್ಞ, ರಿನೈಸಾನ್ಸ್ ಟೆಕ್ನಾಲಜೀಸ್ ಎಂಬ ಹೆಡ್ಜ್ ಫಂಡ್ ಸಂಸ್ಥೆಯ ಸ್ಥಾಪಕ. ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, 23ನೇ ವಯಸ್ಸಿಗೇ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದ. ಪ್ರಿನ್ಸ್‌ಟನ್‌ನಲ್ಲಿ ಸರ್ಕಾರಕ್ಕಾಗಿ ಗೂಢಲಿಪಿ ಬಿಡಿಸುತ್ತಿದ್ದಾಗ ವಿಯೆಟ್ನಾಂ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿ ಕೆಲಸ ಕಳೆದುಕೊಂಡ. 1968ರಿಂದ ಸ್ಟೋನಿಬ್ರೂಕ್ ವಿಶ್ವವಿದ್ಯಾಲಯದ ಗಣಿತ ವಿಭಾಗದ ಮುಖ್ಯಸ್ಥ. ಗಣಿತಜ್ಞ ಶಿಂಗ್-ಶೆನ್ ಚೆರ್ನ್ ಜೊತೆ 1974ರಲ್ಲಿ ಪ್ರಕಟಿಸಿದ ಸಂಶೋಧನೆ ಮುಂದೆ ಭೌತವಿಜ್ಞಾನಿಗಳ ದಿನನಿತ್ಯದ ಸಾಧನವಾಯಿತು; ಇಷ್ಟೇ ಮಾಡಿದ್ದರೂ ಈತನ ಹೆಸರು ಉಳಿಯುತ್ತಿತ್ತು.

1978ರಲ್ಲಿ ಅಧ್ಯಾಪನ ಬಿಟ್ಟು ಹಣದ ಮಾರುಕಟ್ಟೆಗೆ ಇಳಿದ. ವಾಲ್‌ಸ್ಟ್ರೀಟಿನ ಅನುಭವಿಗಳ ಬದಲು ಗಣಿತಜ್ಞರು, ಭೌತವಿಜ್ಞಾನಿಗಳು, ಗೂಢಲಿಪಿ ತಜ್ಞರನ್ನೇ ಸೇರಿಸಿಕೊಂಡ. ಹಳೆಯ ಬಡ್ಡಿದರಗಳು ಕಂಪ್ಯೂಟರಿನಲ್ಲಿ ಸಿಗದ ಕಾಲವದು. ಸಿಬ್ಬಂದಿ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಕಚೇರಿಗೆ ಹೋಗಿ ಅವನ್ನು ಕೈಯಲ್ಲಿ ಬರೆದು ತರುತ್ತಿದ್ದರು. ಬೆಲೆಗಳ ಏರಿಳಿತದಲ್ಲಿ ಅಡಗಿದ ಸಣ್ಣ ಸಣ್ಣ ವಿನ್ಯಾಸಗಳನ್ನು ಹುಡುಕಿ, ಅಸಂಖ್ಯ ವ್ಯವಹಾರಗಳಲ್ಲಿ ಅಲ್ಪ ಲಾಭ ಗಳಿಸುವುದು ಇವರ ಕ್ರಮ. 1988ರಲ್ಲಿ ಆರಂಭವಾದ ರಿನೈಸಾನ್ಸ್‌ನ ಮೆಡಾಲಿಯನ್ ಫಂಡ್ ಮೂರು ದಶಕ ಕಾಲ, ಶುಲ್ಕ ಕಳೆಯುವ ಮೊದಲು, ವರ್ಷಕ್ಕೆ ಸರಾಸರಿ ಶೇ. 66ರಷ್ಟು ಗಳಿಸಿತೆಂದು ಅಂದಾಜು. ಹೊರಗಿನ ಹೂಡಿಕೆದಾರರಿಗೆ ಅದರ ಬಾಗಿಲು ಬಹುಬೇಗ ಮುಚ್ಚಿತು. ಈ ಫಂಡಿನ ಲಾಭಕ್ಕೆ ಸಂಬಂಧಿಸಿದ ದೀರ್ಘಕಾಲದ ತೆರಿಗೆ ವಿವಾದವೊಂದು 2021ರಲ್ಲಿ ಇತ್ಯರ್ಥವಾಯಿತು. ಈ ಯಶಸ್ಸಿನ ಲೆಕ್ಕದಲ್ಲಿ ಅದನ್ನೂ ಸೇರಿಸಬೇಕು.

ಪತ್ನಿ ಮ್ಯಾರಿಲಿನ್ ಜೊತೆ 1994ರಲ್ಲಿ ಕಟ್ಟಿದ ಸೈಮನ್ಸ್ ಪ್ರತಿಷ್ಠಾನ ಮೂಲವಿಜ್ಞಾನಕ್ಕೆ ಉದಾರವಾಗಿ ನೆರವಾಗಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿರುವ ಸೈಮನ್ಸ್ ಕೇಂದ್ರಕ್ಕೂ ಅದರ ನೆರವು ದೊರೆತಿದೆ.