ಹೊಳೆಯ ಮಗ್ಗುಲಿನ ಬಾಪೂಜಿ ನಗರ

ನಮ್ಮ ಬಡಾವಣೆಯ ಚರಿತ್ರೆ ಬರೆದುಕೊಡಿ ಎಂದು ಸ್ಮರಣ ಸಂಚಿಕೆಯ ಸಮಿತಿಯವರು ಕೇಳಿದಾಗ ಅವರ ಮನಸ್ಸಿನಲ್ಲಿದ್ದದ್ದು ನಿವೇಶನ, ಬೀದಿದೀಪ, ನಲ್ಲಿನೀರಿನ ಕಥೆ. ಆ ಸೌಕರ್ಯಗಳಿಗಾಗಿ ಕಚೇರಿಗಳ ಮೆಟ್ಟಿಲು ಸವೆಸಿದ ಹಿರಿಯರಿಗೆ ಮೊದಲ ನಮಸ್ಕಾರ ಸಲ್ಲಲೇಬೇಕು. ಆದರೆ ಅಲ್ಲಿಂದಲೇ ವಯಸ್ಸು ಎಣಿಸಿದರೆ, ಊರು ಇಲ್ಲೇ ಏಕೆ ಬೆಳೆಯಿತೆಂಬುದಕ್ಕೆ ಉತ್ತರ ಸಿಗದು. ಉತ್ತರವಿರುವುದು ವೃಷಭಾವತಿಯಲ್ಲಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಜನ ನಂಬುವ ಈ ಹೊಳೆ ನಾಯಂಡಹಳ್ಳಿ, ಕೆಂಗೇರಿ, ಬೈರಮಂಗಲ ದಾಟಿ ಅರ್ಕಾವತಿಯನ್ನೂ, ಅದರೊಡನೆ ಕಾವೇರಿಯನ್ನೂ ಸೇರುತ್ತದೆ. ಮೈಸೂರು ರಸ್ತೆಯೂ ರೈಲುಹಳಿಯೂ ಕೆಂಗೇರಿಯತ್ತ ಸಾಗುವುದು ಇದೇ ಕಣಿವೆಯ ಜಾಡಿನಲ್ಲಿ. ದಾರಿ ಬಂದ ಕಡೆ ಕಾರ್ಖಾನೆ ಬಂತು, ಕಾರ್ಖಾನೆಯ ಹಿಂದೆ ಮನೆಗಳು ಬಂದವು.

ಹಳಮೆಗೆ ಸಾಕ್ಷಿ ಬೇಕೆಂದರೆ ಬ್ಯಾಟರಾಯನಪುರದ ಗಾಳಿ ಆಂಜನೇಯನಿದ್ದಾನೆ. ವೃಷಭಾವತಿಗೆ ಪಶ್ಚಿಮವಾಹಿನಿ ಕೂಡುತ್ತಿದ್ದ ಸಂಗಮದಲ್ಲಿ ವ್ಯಾಸರಾಯರು 1425ರಲ್ಲಿ ಪ್ರತಿಷ್ಠೆ ಮಾಡಿದರೆಂಬುದು ಪ್ರತೀತಿ. ಲೆಕ್ಕ ಕೂಡುವುದಿಲ್ಲ: ವ್ಯಾಸರಾಯರು ಬೃಂದಾವನಸ್ಥರಾದದ್ದು 1539ರಲ್ಲಿ, ನಡುವೆ 114 ವರ್ಷ. ಇಸವಿಯನ್ನೋ ಹೆಸರನ್ನೋ ಬಿಡಬೇಕಾಗುತ್ತದೆ. ಬಿಡುವುದಾದರೆ ಇಸವಿಯನ್ನು ಬಿಡೋಣ. ಊರೂರಿಗೆ ಹನುಮನನ್ನು ನಿಲ್ಲಿಸಿದರೆಂದು ನಾಡೆಲ್ಲ ನೆನೆಯುವ ಯತಿಗಳ ಹೆಸರು ಅಷ್ಟು ಸುಲಭವಾಗಿ ಸಡಿಲುವಂಥದ್ದಲ್ಲ. ಯಾವುದನ್ನು ಬಿಟ್ಟರೂ ಗುಡಿಗೆ ಜನ ನೀರಿನ ದಡ ಹುಡುಕಿದರೆಂಬ ನೆನಪು ಉಳಿಯುತ್ತದೆ.

ಗುಡಿಯ ಕಾಲದಿಂದ ಮುಂದಿನ ಶತಮಾನಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಹೊಲ, ತೋಪು, ಬಂಡಿದಾರಿ. ಹಿಗ್ಗಿನಿಂದ ಹೇಳಬೇಕಾದದ್ದು ಮೈಸೂರು ರಸ್ತೆಯ ಕವಿಕಾ ಕಾರ್ಖಾನೆಯ ವಿಷಯ. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1933ರಲ್ಲಿ, ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿಯಾಗಿ ಆರಂಭವಾದ ಇದು ಟ್ರಾನ್ಸ್‌ಫಾರ್ಮರ್ ತಯಾರಿಸಿ ಹೆಸರಾಯಿತು. ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಬೆಂಗಳೂರಿಗೆ ಬಂದಿತ್ತು. ಅದನ್ನು ಮನೆಮನೆಗೆ ಹಂಚುವ ಯಂತ್ರ ನಮ್ಮ ನೆಲದಲ್ಲೇ ಆಗಬೇಕೆಂಬ ಹಟ ಸಣ್ಣದಲ್ಲ.

ಹೊಳೆ ಎಲ್ಲಿದೆ, ಇರುವುದು ರಾಜಕಾಲುವೆ ತಾನೆ ಎಂದು ಆಕ್ಷೇಪಿಸಬಹುದು. ಗಾಂಧೀಜಿಯ ಹೆಸರು ಹೊತ್ತ ಬಡಾವಣೆಗೆ ಐನೂರು ವರ್ಷದ ವಂಶಾವಳಿ ಏಕೆ ಎಂದೂ ಕೇಳಬಹುದು. ಹೆಸರು ಹೊಸದು, ನಿಜ. ನೆಲದ ಇಳಿಜಾರು ಹೊಸದಲ್ಲ. ಮಳೆ ಜೋರಾದಾಗ ಆಂಜನೇಯನ ಗುಡಿಗೂ ನೀರು ನುಗ್ಗಿದ್ದುಂಟು. ಚರಂಡಿಯೆಂದು ಕರೆದು ಕೈತೊಳೆದುಕೊಂಡರೂ ಬೈರಮಂಗಲದ ರೈತರ ಗದ್ದೆಗೆ ಹೋಗುವುದು ನಮ್ಮ ಮನೆಗಳಿಂದ ಹರಿದ ನೀರೇ. ಆದ್ದರಿಂದ ಬಡಾವಣೆಯ ಪರಂಪರೆಯ ಪಟ್ಟಿಯಲ್ಲಿ ಗುಡಿ, ಕಾರ್ಖಾನೆಗಳಿಗಿಂತ ಮೊದಲು ವೃಷಭಾವತಿಯ ಹೆಸರಿರಲಿ ಎಂದು ಸಮಿತಿಯವರನ್ನು ಕೋರುತ್ತೇನೆ.