ಸೆರೆಯಲ್ಲಿದ್ದ ಅರಸ, ಆಳಲಾಗದ ಅರ್ಲ್: 1469ರ ವಾರ್ವಿಕ್ ಪ್ರಕರಣದ ಮರುಪರಿಶೀಲನೆ

ಹದಿನೈದನೆಯ ಶತಮಾನದ ಇಂಗ್ಲೆಂಡಿನ ರಾಜಕಾರಣದಲ್ಲಿ ನೆವಿಲ್ ಮನೆತನಕ್ಕಿದ್ದ ಮಹತ್ವವನ್ನು ಯಾರೂ ಅಲ್ಲಗಳೆದಿಲ್ಲ. ಪತ್ನಿಯ ಕಡೆಯ ಉತ್ತರಾಧಿಕಾರದಿಂದ 1449ರಲ್ಲಿ ವಾರ್ವಿಕ್‌ನ ಅರ್ಲ್ ಪದವಿಗೆ, ಅಂದರೆ ವಂಶಪಾರಂಪರ್ಯವಾದ ಉನ್ನತ ಶ್ರೀಮಂತ ಪದವಿಯೊಂದಕ್ಕೆ, ಬಂದ ರಿಚರ್ಡ್ ನೆವಿಲ್ 1461ರಲ್ಲಿ ಯಾರ್ಕ್ ವಂಶದ ನಾಲ್ಕನೆಯ ಎಡ್ವರ್ಡನನ್ನು ಗದ್ದುಗೆಗೇರಿಸುವಲ್ಲಿ ಮುಂದಾಳಾಗಿದ್ದುದು, 1464ರ ಗುಟ್ಟಿನ ಮದುವೆಯ ತರುವಾಯ ರಾಣಿ ಎಲಿಜಬೆತ್ ವುಡ್‌ವಿಲ್ಲಳ ಬಂಧುಗಳು ಆಸ್ಥಾನದಲ್ಲಿ ಮೇಲೇರಿದ್ದು, ಫ್ರಾನ್ಸಿನ ಸ್ನೇಹ ಬಯಸಿದ್ದ ವಾರ್ವಿಕ್‌ನ ಮಾತು ಮೀರಿ 1468ರಲ್ಲಿ ಅರಸನ ತಂಗಿಯನ್ನು ಬರ್ಗಂಡಿಯ ಡ್ಯೂಕನಿಗೆ ಕೊಟ್ಟದ್ದು, ಮರುವರ್ಷ ವಾರ್ವಿಕ್ ತಿರುಗಿಬಿದ್ದದ್ದು ಇವೆಲ್ಲ ಸುಪರಿಚಿತ.

ವಿವಾದವಿರುವುದು ಈ ಬಲದ ಮೂಲದ ಬಗ್ಗೆ. ಭೂಮಿಯ ಬದಲು ವರ್ಷಾಶನ ಕೊಟ್ಟು, ತಮ್ಮ ಲಾಂಛನ ತೊಡಿಸಿ ಅನುಚರರನ್ನು ಕಟ್ಟಿಕೊಳ್ಳುವ ಪದ್ಧತಿಗೆ ಚಾರ್ಲ್ಸ್ ಪ್ಲಮರ್ 1885ರಲ್ಲಿ ‘ಬಾಸ್ಟರ್ಡ್ ಫ್ಯೂಡಲಿಸಂ’ ಎಂಬ ಹೆಸರಿಟ್ಟು, ರಾಜಸತ್ತೆಯನ್ನು ಕುಗ್ಗಿಸಿದ್ದೇ ಅದೆಂದು ದೂರಿದ. ಕೆ. ಬಿ. ಮೆಕ್‌ಫರ್ಲೇನ್ ಈ ನಿಲುವನ್ನು ತಿದ್ದಿ, ದೋಷ ಪದ್ಧತಿಯದಲ್ಲ, ಆರನೆಯ ಹೆನ್ರಿಯಂಥ ಅಸಮರ್ಥ ಅರಸರದು ಎಂದು ತೋರಿಸಿದ. ತಿದ್ದುಪಡಿ ಒಪ್ಪತಕ್ಕದ್ದೇ, ಆದರೆ 1469ರ ಬೇಸಿಗೆಯ ಘಟನೆಗಳನ್ನು ಅರಸನ ಸಾಮರ್ಥ್ಯವೊಂದರಿಂದಲೇ ವಿವರಿಸಲಾಗದು.

ಆ ವರ್ಷದ ಜುಲೈ ಕೊನೆಯಲ್ಲಿ ಎಜ್‌ಕೋಟ್‌ನಲ್ಲಿ ಅರಸನ ಪಕ್ಷದ ಸೇನೆ ಸೋತಿತು; ಪೆಂಬ್ರೋಕ್‌ನ ಅರ್ಲ್ ವಿಲಿಯಂ ಹರ್ಬರ್ಟ್‌ನ ತಲೆ ಉರುಳಿತು, ತುಸು ದಿನಗಳಲ್ಲೇ ರಾಣಿಯ ತಂದೆಯದೂ. ಎಡ್ವರ್ಡ್ ಸೆರೆಸಿಕ್ಕು ಮೊದಲು ವಾರ್ವಿಕ್ ಕೋಟೆಗೆ, ಅಲ್ಲಿಂದ ಮಿಡಲ್‌ಹ್ಯಾಮ್‌ಗೆ ಹೋದ. ಪ್ರತಿಸ್ಪರ್ಧಿಗಳು ಅಳಿದಿದ್ದರು, ಅರಸನೇ ಕೈವಶನಾಗಿದ್ದ. ಆದರೂ ಉತ್ತರದಲ್ಲಿ ಹಂಫ್ರಿ ನೆವಿಲ್ ಲ್ಯಾಂಕಾಸ್ಟರ್ ವಂಶದ ಪರವಾಗಿ ದಂಗೆಯೆದ್ದಾಗ ವಾರ್ವಿಕ್‌ನ ಕರೆಗೆ ಜನ ಓಗೊಡಲಿಲ್ಲ. ಅರಸ ಸ್ವತಂತ್ರನಾಗಿ ಯಾರ್ಕ್ ನಗರದಲ್ಲಿ ಕಾಣಿಸಿಕೊಂಡು ಅಪ್ಪಣೆ ಕೊಡುವವರೆಗೆ ದಂಡು ಕೂಡಲಿಲ್ಲವೆಂದು ಕ್ರೋಲಂಡ್ ಮಠದ ವೃತ್ತಾಂತದ ಮುಂದುವರಿಕೆ ಹೇಳುತ್ತದೆ. ಸೆಪ್ಟೆಂಬರಿಗೆ ಯಾರ್ಕ್‌ನಲ್ಲಿ ಕರೆದಿದ್ದ ಪಾರ್ಲಿಮೆಂಟನ್ನೂ ರದ್ದುಪಡಿಸಬೇಕಾಯಿತು.

ಇದೇ ವಾರ್ವಿಕ್ 1460ರ ಜುಲೈನಲ್ಲಿ ನಾರ್ತಾಂಪ್ಟನ್ ಕದನದಲ್ಲಿ ಆರನೆಯ ಹೆನ್ರಿಯನ್ನು ಹಿಡಿದು, ಅವನ ಹೆಸರಿನಲ್ಲಿಯೇ ಆಡಳಿತ ನಡೆಸಿ, ಅಕ್ಟೋಬರಿನಲ್ಲಿ ಪಾರ್ಲಿಮೆಂಟನ್ನೂ ಕೂಡಿಸಿದ ಪಕ್ಷದ ಮುಖ್ಯಸ್ಥರಲ್ಲಿ ಒಬ್ಬನಾಗಿದ್ದನೆಂಬುದು ಇಲ್ಲಿ ಗಮನಾರ್ಹ. ಒಮ್ಮೆ ಫಲಿಸಿದ ಉಪಾಯ ಒಂಬತ್ತು ವರ್ಷಗಳ ಬಳಿಕ ಏಕೆ ಕೈಕೊಟ್ಟಿತು? ಹೆನ್ರಿಯ ಆಜ್ಞೆಗಳು ಹಿಂದಿನಿಂದಲೂ ಯಾರದೋ ಕೈಮೂಲಕವೇ ಬರುತ್ತಿದ್ದವು. ಸೆರೆಯಾದ ಮೇಲೆ ಕೈ ಬದಲಾಯಿತೇ ಹೊರತು ರೀತಿ ಬದಲಾಗಲಿಲ್ಲ. ಎಡ್ವರ್ಡನಾದರೋ ಸ್ವತಃ ಆಳುತ್ತಿದ್ದವನು. ಅವನ ಮುದ್ರೆಯ ಹಿಂದೆ ಅವನ ಇಚ್ಛೆ ಇಲ್ಲವೆಂಬುದು ಎಲ್ಲರಿಗೂ ತಿಳಿದಿದ್ದರಿಂದ ಆ ಮುದ್ರೆಯ ಬೆಲೆ ಇಳಿಯಿತು. ಹಾಗಾದರೆ ಅರ್ಲ್‌ನ ಅನುಚರಬಲ ಅರಸನ ಸಲಹೆಗಾರರನ್ನು ಉರುಳಿಸಲು ಸಾಕಾಗುತ್ತಿತ್ತೇ ವಿನಾ, ಅರಸನ ಮುಕ್ತ ಸಮ್ಮತಿಯಿಲ್ಲದೆ ದೇಶವಾಳಲು ಸಾಲುತ್ತಿರಲಿಲ್ಲವೆನ್ನಬಹುದು.

ಈ ತೀರ್ಮಾನಕ್ಕೆ ಮಿತಿಗಳಿವೆ. ಕ್ರೋಲಂಡ್ ಮುಂದುವರಿಕೆ 1486ರ ಬರಹ. ಅದರ ಕರ್ತೃ ರಾಜಾಡಳಿತಕ್ಕೆ ಹತ್ತಿರದವನಾಗಿದ್ದಂತೆ ತೋರುವುದರಿಂದ ರಾಜಾಜ್ಞೆಯ ಮಹಿಮೆಯನ್ನು ತುಸು ಹಿಗ್ಗಿಸಿರಬಹುದು. ಎಜ್‌ಕೋಟ್‌ಗೆ ಬಂದ ಬಂಡಾಯದ ದಂಡು ರಾಜಾಜ್ಞೆಯಿಲ್ಲದೆಯೇ ಕೂಡಿತ್ತೆಂಬ ಆಕ್ಷೇಪವೂ ಹಗುರವಲ್ಲ. ಆದರೆ ಆ ದಂಡು ಅರಸನ ವಿರುದ್ಧವಲ್ಲ, ಅವನ ಕೆಟ್ಟ ಸಲಹೆಗಾರರ ವಿರುದ್ಧ ಬಂದುದಾಗಿ ಹೇಳಿಕೊಂಡಿತ್ತು. 1460ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪನೂ ಪೋಪನ ಪ್ರತಿನಿಧಿಯೂ ವಾರ್ವಿಕ್‌ನ ಬೆನ್ನಿಗಿದ್ದರು. 1469ರಲ್ಲಿ ಅವನೊಂದಿಗಿದ್ದ ಹಿರಿಯ ಶ್ರೀಮಂತರು ಕಡಿಮೆ, ಅರಸನ ತಮ್ಮ ಕ್ಲಾರೆನ್ಸ್ ಅವರಲ್ಲಿ ಮುಖ್ಯ. ಸೋಲಿನಲ್ಲಿ ಈ ಒಂಟಿತನದ ಪಾಲೂ ಇದ್ದೀತು.

ಇನ್ನೊಂದು ಪ್ರಶ್ನೆ ಇತ್ಯರ್ಥವಾಗಬೇಕಿದೆ. ದಂಗೆಯೆದ್ದ ಹಂಫ್ರಿ ಅದೇ ನೆವಿಲ್ ಮನೆತನದ ಹಿರಿಯ ಶಾಖೆಯವನು. ಮಿಡಲ್‌ಹ್ಯಾಮ್ ಮೊದಲಾದ ಆಸ್ತಿಗಳು ಎರಡೂ ಶಾಖೆಗಳ ಮೂಲಪುರುಷನ ಎರಡನೆಯ ಹೆಂಡತಿಯ ಸಂತತಿಗೆ, ಅಂದರೆ ವಾರ್ವಿಕ್‌ನ ಶಾಖೆಗೆ, ಹೋದುದರಿಂದ ದಾಯಾದಿ ದ್ವೇಷ ಹಳೆಯದು. ಉತ್ತರದ ಅನುಚರರು ಹಿಂಜರಿದದ್ದು ಮುದ್ರೆಯ ಮೇಲಣ ಅನುಮಾನದಿಂದಲೋ, ಒಡೆಯರ ಮನೆಜಗಳದಲ್ಲಿ ಸಿಲುಕಲು ಒಲ್ಲದೆಯೋ ಎಂಬುದನ್ನು ವೃತ್ತಾಂತಗಳಿಗಿಂತ ಆ ಜಹಗೀರುಗಳ ವರ್ಷಾಶನದ ಲೆಕ್ಕಗಳಲ್ಲಿ ಹುಡುಕುವುದು ಉಚಿತ.