ಶರಾವತಿಯ ಎರಡು ಮುಳುಗಡೆ

ಶರಾವತಿ ಎಂದೊಡನೆ ನೆನಪಾಗುವುದು 253 ಮೀಟರ್ ಆಳಕ್ಕೆ ಧುಮುಕುವ ಜೋಗ. ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಈ ನದಿಯ ಉದ್ದ ಸುಮಾರು 130 ಕಿಲೋಮೀಟರ್ ಅಷ್ಟೆ. ನನ್ನನ್ನು ಹೆಚ್ಚು ಕಾಡುವುದು ಮಾತ್ರ ಜೋಗದ ಕೆಳಗೆ ಮತ್ತು ಮೇಲೆ ಕಣ್ಮರೆಯಾದ ಊರುಗಳು.

ಕೆಳಗಿನದು ಗೇರುಸೊಪ್ಪೆ. ಹೊನ್ನಾವರದಿಂದ ದೋಣಿಗಳು ಹೊಳೆಯಲ್ಲಿ ಇಲ್ಲಿಯವರೆಗೆ ಬರುತ್ತಿದ್ದವು. ಮುಂದೆ ಘಟ್ಟ ಹತ್ತಬೇಕು. ದೋಣಿ ನಿಲ್ಲುವ ಈ ಜಾಗ ಕಾಳುಮೆಣಸಿನ ವ್ಯಾಪಾರದಿಂದ ಬೆಳೆದು ರಾಜಧಾನಿಯಾಯಿತು. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡದ್ದಾಗಿ ಬರೆದಿದ್ದಾನೆ. 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಎಂದು. ಕೆಳದಿಯ ನಾಯಕರಿಗೆ ರಾಜ್ಯ ಸೋತ ಮೇಲೆ ಊರು ಬೇಗ ಬರಿದಾಯಿತು. 1623ರಲ್ಲಿ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿ ದೋಣಿಯಿಂದ ಇಳಿದಾಗ ಅರಮನೆ ಕುಸಿದಿತ್ತು, ಮರಗಳು ಬೆಳೆದಿದ್ದವು. ಇಂದು ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಆ ಕಾಡಿನ ನಡುವೆ ನಿಂತಿದೆ.

ಮೇಲಿನ ಊರುಗಳನ್ನು ನುಂಗಿದ್ದು ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಸುಮಾರು 300 ಚದರ ಕಿಲೋಮೀಟರ್ ನೆಲ, ಗದ್ದೆ, ಅಡಿಕೆ ತೋಟ, ದೇವಸ್ಥಾನಗಳೆಲ್ಲ ಹಿನ್ನೀರಿನ ಪಾಲಾದವು. 1940ರ ದಶಕದಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು; ಕಡು ಬೇಸಿಗೆಯಲ್ಲಿ ಅದು ತಲೆ ಎತ್ತಿದರೆ ಜನ ನೋಡಲು ಹೋಗುತ್ತಾರೆ. ನಾಡಿಗೆ ಬೆಳಕು ಸಿಕ್ಕಿತು. ಆದರೆ ಆ ಬೆಳಕಿಗಾಗಿ ಎದ್ದುಹೋದವರಲ್ಲಿ, ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಇಂದಿಗೂ ಅಲೆಯುತ್ತಿರುವ ಕುಟುಂಬಗಳಿವೆ. ಮಲೆನಾಡಿನಲ್ಲಿ ‘ಮುಳುಗಡೆ’ ಎಂಬುದು ಜನರ ಗುರುತೇ ಆಗಿಬಿಟ್ಟಿದೆ. ನಾ. ಡಿಸೋಜರ ಕಾದಂಬರಿಗಳು ಇಲ್ಲದಿದ್ದರೆ ಈ ನೋವು ಕನ್ನಡದ ಓದುಗರಿಗೆ ಇಷ್ಟಾದರೂ ತಲುಪುತ್ತಿತ್ತೇ ಎಂಬುದು ನನ್ನ ಅನುಮಾನ.

ಗೇರುಸೊಪ್ಪೆ ರಾಜಧಾನಿಯಾಗಿತ್ತು, ಅದಕ್ಕೆ ಶಾಸನಗಳಿವೆ, ಬಸದಿಯಿದೆ, ವಿದೇಶಿ ಪ್ರವಾಸಿಗರ ಬರಹವಿದೆ. ಹಿನ್ನೀರಿನಡಿಯ ಹಳ್ಳಿಗಳಿಗೆ ಇರುವುದು ಮುದುಕರ ನೆನಪು ಮಾತ್ರ, ಅದೂ ಕರಗುತ್ತಿದೆ. ಇತಿಹಾಸ ಓದುವ ವಿದ್ಯಾರ್ಥಿಗಳು ಬಸದಿಯ ಕಲ್ಲಿನಷ್ಟೇ ಆಸ್ಥೆಯಿಂದ ಈ ಹಿರಿಯರ ಮಾತನ್ನೂ ಬರೆದಿಟ್ಟುಕೊಳ್ಳಬೇಕು. ದಶಕಗಳ ಕಾಲ ಲಾಂಚಿಗೆ ಕಾದ ತುಮರಿ ಸೀಮೆಯವರಿಗೆ 2025ರಲ್ಲಿ ಸಿಗಂದೂರು ಸೇತುವೆ ತೆರೆಯಿತು. ಅದರ ಮೇಲೆ ನಿಂತು ಹಿನ್ನೀರಿನ ಸೊಬಗು ನೋಡುವವರಿಗೆ, ಕೆಳಗಿದ್ದ ಊರುಗಳ ಹೆಸರೂ ತಿಳಿಯುವಂತಾಗಲಿ.